ಗೋಡೆ ಬಿಡಿಸುವ ಇಟ್ಟಿಗೆಯಕ್ಕ

ಬೆಳಕು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಛಾವಣಿ ಕಳಚಿದ ಹಳೆಯ ಮನೆಯೊಳಗೆ ಮಂಜು ಯಾರನ್ನೂ ಕೇಳದೆ ಬಂದು ಕೂತಿದೆ. ಅಡುಗೆಮನೆಯ ಗೋಡೆಯೆದುರು ಕುಕ್ಕರುಗಾಲಿನಲ್ಲಿ ಕುಳಿತ ಹೆಂಗಸೊಬ್ಬಳು ಇಟ್ಟಿಗೆಗಳ ಸಂದಿಗೆ ಉಳಿ ಇಟ್ಟು, ಮಲಗಿದವರನ್ನು ಎಬ್ಬಿಸುವಷ್ಟೇ ಮೆತ್ತಗೆ ಸುತ್ತಿಗೆ ತಟ್ಟುತ್ತಾಳೆ. ಸುಣ್ಣದ ಗಾರೆ ಪುಡಿಯಾಗಿ ಉದುರುತ್ತದೆ. ಇಟ್ಟಿಗೆ ಇಡಿಯಾಗಿ ಅಂಗೈಗೆ ಬರುತ್ತದೆ.

ಜೊತೆಗಾರರಿಗೆಲ್ಲ ಅವಳು ಇಟ್ಟಿಗೆಯಕ್ಕ. ಕಟ್ಟುವುದಲ್ಲ, ಬಿಡಿಸುವುದು ಅವಳ ಕಸುಬು. ಬಿಸಿಲು ಹೊಸ್ತಿಲು ಮುಟ್ಟುವ ಹೊತ್ತಿಗೆ ಕೆಡವುವ ಯಂತ್ರ ಬರಲಿದೆ. ಅಷ್ಟರೊಳಗೆ ಇಳಿದ ಇಟ್ಟಿಗೆ ಇದೇ ಜಾಗದಲ್ಲಿ ಏಳುವ ಹೊಸ ಮನೆಗೆ. ಮಿಕ್ಕದ್ದು ಊರಾಚೆಯ ಹಳ್ಳಕ್ಕೆ.

"ಅತ್ತಿಗೆ, ಗೋಡೆ ಬಿಚ್ತಿದ್ದೀಯೋ, ಜೋಗುಳ ಹಾಡ್ತಿದ್ದೀಯೋ?" ಇಟ್ಟಿಗೆ ಜೋಡಿಸುತ್ತಿರುವ ನಾದಿನಿಗೆ ಅವಸರ.

"ಜೋರಾಗಿ ಹೊಡೆದ್ರೆ ಎರಡು ಹೋಳು. ಅರ್ಧ ಇಟ್ಟಿಗೆ ನಿಮ್ಮಣ್ಣನ ಮಾತಿದ್ದ ಹಾಗೆ, ಎಲ್ಲೂ ನಿಲ್ಲಲ್ಲ."

ನಾದಿನಿ ಸೆರಗಿನಲ್ಲಿ ನಗು ಒರೆಸಿಕೊಳ್ಳುತ್ತಾಳೆ.

ಮದುವೆಯಾಗಿ ಬಂದ ಹೊಸದರಲ್ಲಿ ಇಟ್ಟಿಗೆಯಕ್ಕ ಒಡೆದ ಮನೆಗಳನ್ನು ಬುಟ್ಟಿಯಲ್ಲಿ ಹೊತ್ತು ಅದೇ ಹಳ್ಳಕ್ಕೆ ಸುರಿಯುತ್ತಿದ್ದವಳು. ಒಂದು ಸಂಜೆ ಅಲ್ಲಿ, ನೀಲಿ ಬಣ್ಣದ ಗೋಡೆಯ ತುಂಡೊಂದು ಗೂಡಿನ ಸಮೇತ ಆಕಾಶ ನೋಡುತ್ತ ಮಲಗಿತ್ತಂತೆ. ಗೂಡಿನೊಳಗೆ ದೀಪದ ಮಸಿ ಹಾಗೇ ಇತ್ತಂತೆ. "ಸತ್ತಿದ್ದನ್ನ ಹೊತ್ತು ಹಾಕ್ತಿದ್ದೀನಿ ಅಂದ್ಕೊಂಡಿದ್ದೆ. ಒಂದು ಇಟ್ಟಿಗೆ ತಗೊಂಡು ತಟ್ಟಿದೆ. ಠಣ್ ಅಂತು. ಜೀವ ಇತ್ತು."

ಈಗ ದಿನಕ್ಕೆ ಮುನ್ನೂರು ಇಟ್ಟಿಗೆ ಇಳಿದರೆ ಒಳ್ಳೆಯ ದಿನ. ಸುಣ್ಣ ಬೆರಳುಗಳನ್ನು ಸೀಳಿದೆ, ಅನ್ನ ಕಲಸುವಾಗ ಉರಿಯುತ್ತದೆ. ಆದರೂ ಅವಳ ಸಿಟ್ಟೆಲ್ಲ ಸಿಮೆಂಟಿನ ಮೇಲೆ. "ಅದು ಹಿಡಿದ್ರೆ ಬಿಡಲ್ಲ. ಬಿಡಿಸೋಕೆ ಹೋದ್ರೆ ಇಟ್ಟಿಗೇನೇ ಒಡೆಯುತ್ತೆ. ಅಂಥ ಮನೆ ಮುಂದಿಂದ ಸುಮ್ಮನೆ ವಾಪಸ್ ಬರ್ತೀನಿ."

ಬಿಸಿಲು ಹೊಸ್ತಿಲು ದಾಟುತ್ತದೆ. ಯಂತ್ರ ಗುಡುಗುತ್ತ ಬಂದು ನಿಲ್ಲುತ್ತದೆ. ಒಲೆಯ ಮೂಲೆ ಇನ್ನೂ ಹಾಗೇ ನಿಂತಿದೆ. ಎಷ್ಟು ಜನರ ಹಸಿವಿಗೆ ಕಪ್ಪಾದ ಇಟ್ಟಿಗೆಗಳೋ. ಅವಳು ಡ್ರೈವರನ ಕಡೆ ತಿರುಗುವುದಿಲ್ಲ, ಸ್ವಲ್ಪ ತಡಿ ಎಂದು ಕೇಳುವುದಿಲ್ಲ. ಸುತ್ತಿಗೆಯ ಸದ್ದನ್ನೂ ಜೋರು ಮಾಡುವುದಿಲ್ಲ. ಡ್ರೈವರ್ ಒಂದಷ್ಟು ಹೊತ್ತು ನೋಡಿ ಎಂಜಿನ್ ಆರಿಸುತ್ತಾನೆ.

"ಅಕ್ಕಾ, ನಾನಿನ್ನೂ ತಿಂಡಿ ತಿಂದಿಲ್ಲ. ತಿಂದು ಶುರು ಮಾಡ್ತೀನಿ."

ಮರದ ನೆರಳಲ್ಲಿ ಕೂತು ಡಬ್ಬಿ ತೆರೆಯುತ್ತಾನೆ. ಅದು ತೊಳೆದಿಟ್ಟಷ್ಟು ಖಾಲಿ. ಕಂಡದ್ದು ನಾದಿನಿಗೆ ಮಾತ್ರ. ಬಾಯಿಬಡುಕಿ ಎಂದು ಹೆಸರಾದವಳು ಬೆನ್ನು ತಿರುಗಿಸಿ ಇಟ್ಟಿಗೆ ಜೋಡಿಸುತ್ತಾಳೆ. ಉಳಿಯ ಸದ್ದು, ಗಾರೆ ಉದುರುವ ಸದ್ದು. ಕೊನೆಯ ಕಪ್ಪು ಇಟ್ಟಿಗೆ ರಾಶಿ ಸೇರಿದ ಮೇಲೆ ಡ್ರೈವರ್ ಬಾಯಿ ಒರೆಸಿಕೊಂಡು ಡಬ್ಬಿ ಮುಚ್ಚುತ್ತಾನೆ.

ಹೊಸ ಮನೆ ಎದ್ದ ಮೇಲೆ ಬಂದು ನೋಡುವ ಆಸೆ ಇಲ್ಲವೇ ಎಂದು ನಾದಿನಿ ಕೇಳಿದರೆ ಇಟ್ಟಿಗೆಯಕ್ಕ ಸೆರಗಿನ ಧೂಳು ಕೊಡವುತ್ತಾಳೆ.

"ನೋಡೋದೇನು ಬಂತು. ಸುಣ್ಣದಲ್ಲೇ ಕಟ್ಟಲಿ, ಅಷ್ಟೇ. ಎಂದಾದ್ರೂ ಇನ್ನೊಬ್ಬಳು ಉಳಿ ಹಿಡ್ಕೊಂಡು ಬರ್ತಾಳಲ್ಲ, ಅವಳ ಕೈಗೆ ಇಟ್ಟಿಗೆ ಸಲೀಸಾಗಿ ಬರಬೇಕು."