ಬಾರದೆ ಹೋದ ತೆಂಗಿನಕಾಯಿಗಳು

ಪುತ್ತೂರಿನಲ್ಲಿ ನಾನಿರುವ ಫ್ಲ್ಯಾಟಿನ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದಾಗ ಇನ್ನು ಹುಲ್ಲಿನ ಕಾಟವಿಲ್ಲ ಎಂದು ಎಲ್ಲರೂ ಸಮಾಧಾನಪಟ್ಟಿದ್ದರು. ಒಂದು ಮಳೆಗಾಲ ಕಳೆಯುವುದರೊಳಗೆ ಇಟ್ಟಿಗೆಗಳ ಸಂದಿನಲ್ಲೆಲ್ಲ ಕಿರುನೆಲ್ಲಿ ಎದ್ದಿದೆ. ನೀವೂ ನೋಡಿರುತ್ತೀರಿ: ಗೇಣುದ್ದದ ಗಿಡ, ಹುಣಸೆಯದರಂಥ ಪುಟ್ಟ ಎಲೆ, ಎಲೆಯ ಅಡಿಯಲ್ಲಿ ಸಾಲಾಗಿ ಸಾಸಿವೆಗಿಂತ ತುಸು ದೊಡ್ಡ ಕಾಯಿ. ಇವತ್ತು ಬೆಳಿಗ್ಗೆ ಹಾಲು ತರಲು ಕೆಳಗಿಳಿದವಳು ಒಂದು ಗಿಡ ಕಿತ್ತು, ಎಲೆ ಹೊಸಕಿ ಮೂಸಿದೆ. ಹೇಳಿಕೊಳ್ಳುವಂಥ ಪರಿಮಳವೇನಿಲ್ಲ. ಹಸಿ ಹುಲ್ಲಿನ ವಾಸನೆ, ನಾಲಗೆಗೆ ತಾಗಿಸಿದರೆ ಕಹಿ. ತಲೆಯೆತ್ತಿದರೆ ಮೇಲಿನ ಮನೆಯ ಹೆಂಗಸು ಬಾಲ್ಕನಿಯಿಂದ ನನ್ನನ್ನೇ ನೋಡುತ್ತಿದ್ದರು. ಅಂಗಳದ ಕಳೆಗಿಡ ನೆಕ್ಕುವ ಹುಡುಗಿಯ ಬಗ್ಗೆ ಅವರು ಏನೆಂದುಕೊಂಡರೋ. ವಿವರಣೆ ಕೊಡಬೇಕಾದರೆ ರಾಮಕುಂಜದ ನನ್ನ ದೊಡ್ಡಮ್ಮನಿಂದ ಆರಂಭಿಸಬೇಕಿತ್ತು. ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದು ಹೇಳುವ ವಿಷಯ ಅದಲ್ಲ. ನಿಮಗಾದರೆ ಕುಳಿತು ಹೇಳಬಹುದು.

ದೊಡ್ಡಮ್ಮ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಅವರ ಅತ್ತೆ ಕಲಿಸಿದ್ದು, ಅತ್ತೆಗೆ ಅವರ ಅತ್ತೆ. ಕಣ್ಣು ಹಳದಿಯಾದವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಕಿರುನೆಲ್ಲಿಯನ್ನು ಬೇರು ಸಮೇತ ಅರೆದು ಹಸುವಿನ ಹಾಲಿನಲ್ಲಿ ಕದಡಿ ಕೊಡುತ್ತಿದ್ದರು. ಹೀಗೆ ಏಳು ಬೆಳಿಗ್ಗೆ. ಅಷ್ಟು ದಿನವೂ ಉಪ್ಪು, ಎಣ್ಣೆ, ಮೀನು ಇಲ್ಲ; ಗಂಜಿ ಮತ್ತು ಮಜ್ಜಿಗೆ. ಏಳು ಮುಗಿಯುವವರೆಗೆ ಬೇರೆ ಯಾವ ಮದ್ದನ್ನೂ ಮುಟ್ಟುವಂತಿಲ್ಲ. ಹೊರಡುವಾಗ ‘ಬರ್ತೇನೆ’ ಎನ್ನಬಾರದು, ಹಾಗೆಂದರೆ ರೋಗವೂ ಮರಳಿ ಬರುತ್ತದಂತೆ. ಹಾಗಾಗಿ ದೊಡ್ಡಮ್ಮನ ಮನೆಯಿಂದ ಜನ ಕೋಪಿಸಿಕೊಂಡವರ ಹಾಗೆ ಏನೂ ಹೇಳದೆ ಎದ್ದು ಹೋಗುತ್ತಿದ್ದರು. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ನನಗೆ ಅದನ್ನು ನೋಡುವುದೇ ಒಂದು ಮೋಜು.

ಮದ್ದಿಗೆ ದುಡ್ಡು ತೆಗೆದುಕೊಳ್ಳುವ ಕ್ರಮವಿರಲಿಲ್ಲ. ಗುಣವಾದವರು ಮಾತ್ರ ಒಂದು ತೆಂಗಿನಕಾಯಿ ತಂದು ಜಗಲಿಯ ಮೂಲೆಯಲ್ಲಿ ಇಟ್ಟುಹೋಗಬೇಕು. ಹಿಂದೂಗಳು, ಬ್ಯಾರಿ ಮುಸ್ಲಿಮರು, ಎಲ್ಲರೂ ಇಟ್ಟದ್ದು ಒಂದೇ ಮೂಲೆಗೆ. ಆ ಮನೆಯ ಸಾರು, ಪಲ್ಯ, ಚಟ್ನಿಗಳಲ್ಲಿ ನಾನು ತಿಂದದ್ದು ಬಹುಪಾಲು ಊರಿನವರ ಆರೋಗ್ಯವನ್ನೇ. ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದ ದೊಡ್ಡಪ್ಪ, ಕಾಯಿ ಸುಲಿಯುವಾಗ, ನಮಗೆ ಮರ ಹತ್ತುವವನ ಹಿಂದೆ ತಿರುಗುವ ಕಷ್ಟ ಇಲ್ಲ, ಲಿವರ್ ಕೆಟ್ಟವರೇ ಮನೆ ಬಾಗಿಲಿಗೆ ತಂದು ಕೊಡುತ್ತಾರೆ ಎನ್ನುತ್ತಿದ್ದರು. ದೊಡ್ಡಮ್ಮ ನಗುತ್ತಿರಲಿಲ್ಲ. ಮೂಲೆಯ ರಾಶಿ ಅವರಿಗೆ ತಮಾಷೆಯಲ್ಲ, ಅವರ ಮದ್ದಿಗೆ ಇದ್ದ ಸಾಕ್ಷಿ.

ಇನ್ನು ನನ್ನ ಕೆಲಸ. ಏನು ಮಾಡುತ್ತಿದ್ದೀ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಒಂದು ಮದುವೆಯಲ್ಲಿ ‘ಓದುವುದೇ ಕೆಲಸ’ ಎಂದದ್ದಕ್ಕೆ ಒಬ್ಬ ಹಿರಿಯರು, ಪರವಾಗಿಲ್ಲ ಮಗಾ, ಮುಂದಿನ ಸಲ ಪಾಸಾಗ್ತೀಯ ಎಂದು ಧೈರ್ಯ ತುಂಬಿದರು. ಸಿಸ್ಟಮ್ಯಾಟಿಕ್ ರಿವ್ಯೂ ಎಂಬ ಹೆಸರು ಹೇಳಿದರೆ ಕಷ್ಟ ಇನ್ನೂ ಹೆಚ್ಚಾಗುತ್ತದೆ. ವಿಷಯ ಇಷ್ಟೇ: ಒಂದು ಮದ್ದನ್ನು ಬೇರೆ ಬೇರೆ ಊರಿನವರು, ಬೇರೆ ಬೇರೆ ಕಾಲದಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿ ನೋಡಿರುತ್ತಾರೆ. ಚೀಟಿ ಎತ್ತಿದ ಹಾಗೆ ಕೆಲವರಿಗೆ ಮದ್ದು, ಕೆಲವರಿಗೆ ಮದ್ದಿಲ್ಲ. ಆಮೇಲೆ ಎರಡು ಗುಂಪನ್ನೂ ಹೋಲಿಸುವುದು. ಅಂಥ ಪರೀಕ್ಷೆಗಳನ್ನೆಲ್ಲ ಒಂದೂ ಬಿಡದೆ ಹುಡುಕಿ ತಂದು, ಯಾವುದನ್ನು ಎಷ್ಟು ನಂಬಬಹುದು ಎಂದು ನೋಡಿ, ಒಟ್ಟಿನಲ್ಲಿ ಏನು ಹೇಳಬಹುದೋ ಅದನ್ನು ಹೇಳುವುದು. ಪ್ರತಿಯೊಂದನ್ನೂ ಇಬ್ಬರು ಪರಸ್ಪರ ಕೇಳದೆ ಓದುತ್ತೇವೆ. ಮಾತು ಕಡಿಮೆ ಇರುವವರಿಗೆ ಹೇಳಿ ಮಾಡಿಸಿದ ಕೆಲಸ.

ಸೇರಿದ ಹೊಸತರಲ್ಲಿ ನನ್ನ ಪಾಲಿಗೆ ಬಂದದ್ದು ವಿಚಿತ್ರವಾದ ಕೆಲಸ. ಪರೀಕ್ಷೆ ನಡೆಸುತ್ತೇವೆಂದು ನೋಂದಾಯಿಸಿ, ಮುಗಿಸಿ, ಫಲಿತಾಂಶವನ್ನು ಎಲ್ಲಿಯೂ ಪ್ರಕಟಿಸದೆ ಸುಮ್ಮನಾದವರಿಗೆ ಪತ್ರ ಬರೆಯುವುದು. ಮದ್ದು ಕೆಲಸ ಮಾಡಿದರೆ ಜನ ಸಂಭ್ರಮದಿಂದ ಬರೆಯುತ್ತಾರೆ, ಮಾಡದಿದ್ದರೆ ಕಡತ ಕಪಾಟು ಸೇರುತ್ತದೆ. ಪ್ರಕಟವಾದದ್ದನ್ನು ಮಾತ್ರ ಓದಿದವರಿಗೆ ಲೋಕದ ಮದ್ದುಗಳೆಲ್ಲ ಇರುವುದಕ್ಕಿಂತ ಒಳ್ಳೆಯವಾಗಿ ಕಾಣುತ್ತವೆ. ನನ್ನ ಪತ್ರಗಳಿಗೆ ಉತ್ತರ ಬರುವುದು ಅಪರೂಪ.

ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ರಾಮಕುಂಜಕ್ಕೆ ಹೋಗಿದ್ದೆ. ದೊಡ್ಡಮ್ಮ ಕಾಯಿ ತುರಿಯುತ್ತಾ ಕೇಳಿದರು. ನಮ್ಮ ಮಾತು ನಡೆಯುವುದು ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

“ನೀನು ಮದ್ದಿನ ಪರೀಕ್ಷೆ ನೋಡುದಲ್ವಾ? ನನ್ನ ಮದ್ದಿಗೆ ಎಷ್ಟು ಮಾರ್ಕು ಕೊಡ್ತಿ?”

ಕಾಮಾಲೆ ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಕಿರುನೆಲ್ಲಿಯ ಮೇಲೆ ನಡೆದ ಪರೀಕ್ಷೆಗಳಲ್ಲಿ ನಾನು ಓದಿದವು ಚಿಕ್ಕವು, ಗಟ್ಟಿ ಮಾತು ಹೇಳಲು ಸಾಲದವು. ಅದನ್ನೆಲ್ಲ ಹೇಳಲಿಲ್ಲ. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ.

“ಕಾಯಿ ತಾರದವರು ಎಂತ ಆದ್ರು ದೊಡ್ಡಮ್ಮ?”

“ತಾರದವರು ಮರೆತವರು.”

ಜಗಲಿಯಿಂದ ದೊಡ್ಡಪ್ಪ ಬಾಯಿ ಹಾಕಿದರು. “ನನಗೂ ಬಸ್ಸಿಗೆ ಹತ್ತಿದವರ ಲೆಕ್ಕ ಮಾತ್ರ ಗೊತ್ತಿತ್ತು ಮಾರಾಯ್ತಿ. ಬಸ್ಸು ಸಿಕ್ಕದವರು ನನಗೆ ಬಂದು ಹೇಳ್ತಾರಾ?”

ದೊಡ್ಡಮ್ಮ ತುರಿಯುವುದನ್ನು ನಿಲ್ಲಿಸಲಿಲ್ಲ. ಹೊರಡುವಾಗ ಎಂದಿನಂತೆ ಉಪ್ಪಿನಕಾಯಿ ಕಟ್ಟಿಕೊಟ್ಟರು, ಮುಖ ಮಾತ್ರ ಬೇರೆ ಕಡೆ ಇತ್ತು. ಅವರ ಮನಸ್ಸು ನೋಯಿಸಿದೆನೇನೋ ಎಂದು ಪುತ್ತೂರು ಮುಟ್ಟುವವರೆಗೂ ಯೋಚಿಸಿದೆ. ಅಮ್ಮ ಕೆಲಸದಲ್ಲಿದ್ದುದರಿಂದ ನನ್ನ ಶಾಲೆಯ ರಜೆಗಳೆಲ್ಲ ಕಳೆದದ್ದು ಅವರ ಮಡಿಲಲ್ಲಿ. ಆ ಮನೆಯ ಬಾಗಿಲು ನನ್ನ ಪ್ರಶ್ನೆಯಿಂದ ಸ್ವಲ್ಪವಾದರೂ ಮುಚ್ಚಿಕೊಳ್ಳುವುದು ನನಗೆ ಬೇಡವಾಗಿತ್ತು.

ಮುಂದಿನ ಸುದ್ದಿ ಬಂದದ್ದು ದೊಡ್ಡಪ್ಪನ ಫೋನಿನಲ್ಲಿ. ನಿನ್ನ ದೊಡ್ಡಮ್ಮನಿಗೆ ಹೊಸ ಹುಚ್ಚು ಹಿಡಿದಿದೆ ಎಂದರು. ಹಾಲಿನ ಸೊಸೈಟಿಯಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಎಂದೋ ಮದ್ದು ಕುಡಿದು ಹೋದವರ ನೆಂಟರೋ ನೆರೆಯವರೋ ಸಿಕ್ಕಿದರೆ ಸಾಕು, ಆಮೇಲೆ ಹೇಗಾಯಿತು ಎಂದು ವಿಚಾರಿಸುತ್ತಾರಂತೆ. ಕೇಳಿಸಿಕೊಂಡವರಿಗೆ ಮುಜುಗರ. ಕಾಯಿ ಬಾಕಿ ಉಂಟೆಂದು ವಸೂಲಿಗೆ ಹೊರಟಿದ್ದಾರೆ ಎಂದುಕೊಂಡು ಒಬ್ಬರು ಮರುದಿನವೇ ಗೋಣಿಯಲ್ಲಿ ಹೊತ್ತು ತಂದರಂತೆ.

ಹೆಚ್ಚಿನವರು ನಿಜಕ್ಕೂ ಮರೆತವರೇ. ಕೆಲವರು ಎರಡು ದಿನ ಕುಡಿದು ಪುತ್ತೂರಿನ ಆಸ್ಪತ್ರೆಗೆ ಹೋಗಿದ್ದರು, ದೊಡ್ಡಮ್ಮನಿಗೆ ಬೇಸರವಾದೀತೆಂದು ಹೇಳಿರಲಿಲ್ಲ. ಕೆಲವರು ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಕಾಯಿಯನ್ನು ಮಾತ್ರ ಇಲ್ಲಿಗೆ ತಂದಿದ್ದರು. ಮತ್ತೊಬ್ಬರ ಹೆಸರು ಬಂದಾಗ ದೊಡ್ಡಮ್ಮ ನನಗೆ ತಾವೇ ಫೋನ್ ಮಾಡಿದರು. “ಕಡಬಕ್ಕೆ ಹೋಗ್ಲಿಕ್ಕೆ ಉಂಟು. ನೀನೂ ಬಾ.”

ಕಡಬದಲ್ಲಿಳಿದು ರಿಕ್ಷಾದಲ್ಲಿ ಒಳಗೆ ಹೋಗಬೇಕಾದ ಮನೆ. ಗಂಡ ತೀರಿಕೊಂಡಿದ್ದ ಹೆಂಗಸು ನಮ್ಮನ್ನು ಕಂಡು ಗಡಿಬಿಡಿಯಿಂದ ಕುರ್ಚಿ ಒರೆಸಿದರು. ದೊಡ್ಡಮ್ಮ ಬಂದ ವಿಷಯ ತೆಗೆಯಲೇ ಇಲ್ಲ. ಬೆಲ್ಲ ತಿಂದು ನೀರು ಕುಡಿದರು. ಮಗಳ ಓದು, ದನ ಕರು ಹಾಕಿದ್ದು, ಮಂಗಗಳ ಉಪದ್ರ, ಎಲ್ಲ ಕೇಳಿದರು. ನಾನಾಗಿದ್ದರೆ ಮೊದಲ ವಾಕ್ಯಕ್ಕೇ ವಿಷಯಕ್ಕೆ ಬರುತ್ತಿದ್ದೆ, ನನ್ನ ಪತ್ರಗಳಲ್ಲಿ ಬರುತ್ತಿದ್ದ ಹಾಗೆ. ಬಹಳ ಹೊತ್ತಿನ ಮೇಲೆ ದೊಡ್ಡಮ್ಮ, ನಿಮ್ಮವರಿಗೆ ಕೊನೆಗೆ ಹೇಗಾಯಿತು, ನನಗೆ ತಿಳಿಯಬೇಕಿತ್ತು ಎಂದರು.

ಆ ಹೆಂಗಸು ಸೆರಗಿನ ತುದಿ ನೋಡುತ್ತಾ ಹೇಳಿದರು. ನಾಲ್ಕನೆಯ ಬೆಳಿಗ್ಗೆಯ ಹೊತ್ತಿಗೆ ಗಂಡ ಹಗಲೆಲ್ಲ ನಿದ್ದೆ ಹೋಗುತ್ತಿದ್ದರು, ಎದ್ದರೆ ಸಂಬಂಧವಿಲ್ಲದ ಮಾತು. ಆಸ್ಪತ್ರೆಗೆ ಹೋಗುವ ಎಂದು ಮೈದುನ ಹೇಳಿದ್ದ.

“ಏಳು ಆಗುವವರೆಗೆ ಬೇರೆ ಮದ್ದು ಮುಟ್ಟಬಾರದಲ್ಲ ಅಕ್ಕ. ಅದಕ್ಕೆ ಕಾದದ್ದು. ಏಳೂ ಮುಗಿಸಿಯೇ ಮಂಗಳೂರಿಗೆ ಕೊಂಡುಹೋದದ್ದು.” ಸೆರಗು ಬಿಟ್ಟು ದೊಡ್ಡಮ್ಮನ ಕಡೆ ತಿರುಗಿದರು. “ನೀವು ಪ್ರೀತಿಯಲ್ಲಿ ಕೊಟ್ಟದ್ದು. ನಿಮಗೆ ಹೇಳಿ ಎಂತಕ್ಕೆ ಬೇಜಾರು ಮಾಡುದು ಅಂತ ಹೇಳ್ಲಿಲ್ಲ.”

ಹಿಂದೆ ಬರುವ ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯ ಕಡೆ ಕುಳಿತಿದ್ದರು. ತಮ್ಮ ಮದ್ದಿನಿಂದ ಸತ್ತದ್ದೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಕೊಡದಿದ್ದರೆ ಬದುಕುತ್ತಿದ್ದರೇ? ಅದೂ ಗೊತ್ತಿಲ್ಲ. ಬೇಗ ಹೋಗಿದ್ದರೆ ವೈದ್ಯರಿಗೆ ಏನಾದರೂ ಮಾಡಲು ಹೆಚ್ಚು ಸಮಯ ಸಿಗುತ್ತಿತ್ತು, ಅಷ್ಟು ಹೇಳಬಹುದು ಎಂದೆ. ದೊಡ್ಡಮ್ಮ ನನ್ನ ಕೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು. ರಾಮಕುಂಜ ಬರುವವರೆಗೆ ಬಿಡಲಿಲ್ಲ.

ಆಮೇಲೆ ಅವರು ಮದ್ದು ಅರೆಯುವುದನ್ನು ನಿಲ್ಲಿಸಿದರು. ಬಂದವರನ್ನು ದೊಡ್ಡಪ್ಪ ಗೇಟಿನಿಂದಲೇ ಕಳಿಸುತ್ತಿದ್ದರು. ಊರಿನಲ್ಲಿ ಮಾತು ಹುಟ್ಟಿತು: ಕೈಗುಣ ಹೋಗಿದೆಯಂತೆ, ದೊಡ್ಡ ಜನ ಆಗಿದ್ದಾರಂತೆ, ಪುತ್ತೂರಿನ ಸೊಕ್ಕಿನ ಹುಡುಗಿ ತಲೆ ಕೆಡಿಸಿದ್ದಾಳಂತೆ. ಸೊಕ್ಕಿನ ಹುಡುಗಿ ಎಂದರೆ ನಾನು. ನಮ್ಮ ಬಂಧುವರ್ಗದಲ್ಲಿ ನನಗೆ ಮೊದಲ ಸಲ ಒಂದು ಸ್ಪಷ್ಟವಾದ ಉದ್ಯೋಗ ಸಿಕ್ಕಿದ ಹಾಗಾಯಿತು.

ಗೇಟಿನಲ್ಲಿ ನಿಲ್ಲದೆ ಒಳಗೇ ಬಂದವರು ಪಕ್ಕದ ಮನೆಯ ಮೈಮೂನಾ. ದೊಡ್ಡಮ್ಮನ ವಯಸ್ಸಿನವರು. ಎರಡು ಮನೆಗಳ ನಡುವೆ ಮೀನಿನ ಸಾರು, ಹಲಸಿನ ಹಪ್ಪಳ ದಿನವೂ ಓಡಾಡುತ್ತವೆ. ಅವರ ಮಗಳು ನಸೀಮಾಳನ್ನು ಕೊಟ್ಟದ್ದು ಸಂಪಾಜೆಗೆ, ಗಂಡ ಗಲ್ಫಿನಲ್ಲಿ. ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಕಣ್ಣು ಹಳದಿಯಾದದ್ದು ಕಂಡದ್ದೇ ತಡ, ಕ್ರಮ ಗೊತ್ತಿದ್ದ ಮೈಮೂನಾ ಅವಳಿಗೆ ಒಂದು ಗುಟುಕು ಚಹಾ ಕೂಡ ಕೊಡದೆ ಬೆಳಿಗ್ಗೆಯೇ ಕರೆತಂದಿದ್ದರು. ನಾನು ಅಲ್ಲಿರಲಿಲ್ಲ, ನಡೆದದ್ದನ್ನು ದೊಡ್ಡಮ್ಮ, ಮೈಮೂನಾ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಇಬ್ಬರ ಮಾತೂ ಹೊಂದುವಲ್ಲಿ ಮಾತ್ರ ಬರೆಯುತ್ತಿದ್ದೇನೆ, ಕೆಲಸದ ಅಭ್ಯಾಸ.

ಕೊಡುವುದಿಲ್ಲ ಎಂದಾಗ ಮೈಮೂನಾ ಮೊದಲು ನಕ್ಕರಂತೆ. ಆಮೇಲೆ ಕೇಳಿದರು. “ನನ್ನ ಗಂಡುಮಕ್ಕಳಿಗೆ ಕೊಟ್ಟ ಕೈ ಅಲ್ವಾ ಇದು? ಹೆಣ್ಣಿಗೆ ಎಂತಕ್ಕೆ ಆಗುದಿಲ್ಲ? ನಾವು ಎಂತ ತಪ್ಪು ಮಾಡಿದ್ದು, ಬಾಯಿ ಬಿಟ್ಟು ಹೇಳಿ.”

ದೊಡ್ಡಮ್ಮನಿಗೆ ಆ ಹುಡುಗಿ ಸ್ವಂತ ಮಗಳ ಹಾಗೆ. ಕೊಟ್ಟುಬಿಟ್ಟಿದ್ದರೆ ಆ ಹೊತ್ತಿಗೆ ಎಲ್ಲರಿಗೂ ಸಮಾಧಾನ, ನಲವತ್ತು ವರ್ಷದ ನೆರೆಮನೆಯೂ ಉಳಿಯುತ್ತಿತ್ತು. ಅವರು ಜಗಲಿಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡರು.

“ಗುಣ ಆದವರನ್ನು ಮಾತ್ರ ನಾನು ಕಂಡದ್ದು ಮೈಮೂನಾ. ಬಸುರಿಗೆ ಇದು ಎಂತ ಮಾಡ್ತದೆ ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಿನ್ನ ಮಗಳ ಮೇಲೆ ಮಾಡುದಿಲ್ಲ. ರಿಕ್ಷಾ ಕರಿ, ನಾನೂ ಬರ್ತೇನೆ.”

ಮೈಮೂನಾ ರಿಕ್ಷಾದಲ್ಲಿ ದೊಡ್ಡಮ್ಮನ ಕಡೆ ನೋಡಲಿಲ್ಲವಂತೆ. ಪುತ್ತೂರಿನ ಆಸ್ಪತ್ರೆಯ ಕಾರಿಡಾರಿಗೆ ನಾನು ಓಡಿ ಬಂದಾಗ ಬೆಂಚಿನ ಆಚೆ ತುದಿಯಲ್ಲಿ ಒಬ್ಬರು, ಈಚೆ ತುದಿಯಲ್ಲಿ ಒಬ್ಬರು. ಬಸುರಿಯಲ್ಲಿ ಇದು ತಡ ಮಾಡುವ ವಿಷಯವಲ್ಲ, ಇಂದೇ ಬಂದದ್ದು ಒಳ್ಳೆಯದಾಯಿತು ಎಂದು ಹೇಳಿ ವೈದ್ಯರು ಅಲ್ಲಿಂದ ಮಂಗಳೂರಿಗೆ ಕಳಿಸಿದರು. ಆಂಬ್ಯುಲೆನ್ಸ್ ಹತ್ತುವಾಗ ಮೈಮೂನಾ ಹಿಂತಿರುಗಿ, ಎಂತ ನೋಡುದು, ಹತ್ತಿ ಎಂದರು. ಸಿಟ್ಟಿನ ದನಿಯಲ್ಲೇ. ದೊಡ್ಡಮ್ಮ ಹತ್ತಿದರು.

ನಸೀಮಾ ಬಹಳ ದಿನ ಆಸ್ಪತ್ರೆಯಲ್ಲಿದ್ದಳು. ನಡುವೆ ಕೆಲವು ದಿನ ಯಾರೂ ಯಾರಿಗೂ ಫೋನ್ ಮಾಡುವ ಧೈರ್ಯ ಮಾಡಲಿಲ್ಲ. ಆಮೇಲೆ ಹಳದಿ ಇಳಿಯಿತು. ತಿಂಗಳು ತುಂಬಿದ ಮೇಲೆ ಹೆಣ್ಣು ಮಗು ಹುಟ್ಟಿತು. ಒಬ್ಬಳು ನಸೀಮಾಳಿಂದ ಯಾವುದೂ ಸಾಬೀತಾಗುವುದಿಲ್ಲ ಎಂದು ನನ್ನ ಕೆಲಸ ಹೇಳುತ್ತದೆ. ಮದ್ದು ಕುಡಿದು ಮನೆಯಲ್ಲೇ ಇದ್ದಿದ್ದರೂ ಅವಳು ಬದುಕುತ್ತಿದ್ದಳೇನೋ, ಆ ಇನ್ನೊಂದು ದಾರಿಯನ್ನು ಕಂಡವರಿಲ್ಲ. ಅದೆಲ್ಲ ಗೊತ್ತಿದ್ದೂ ಮಗುವಿನ ಫೋಟೋ ನೋಡಿ ಕಚೇರಿಯ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಅತ್ತೆ.

ದೊಡ್ಡಮ್ಮನ ಬಳಿ ಈಗಲೂ ಜನ ಬರುತ್ತಾರೆ. ಮದ್ದಿಗೆ ಬಂದವರನ್ನು ಕೂರಿಸಿ ಮಾತಾಡಿಸುತ್ತಾರೆ. ನಿದ್ದೆ ಹೇಗೆ, ಮೂತ್ರ ಹೇಗೆ, ಬಸುರಿಯೋ, ರಕ್ತ ಪರೀಕ್ಷೆ ಆಗಿದೆಯೋ. ಎಲ್ಲರನ್ನೂ ಮೊದಲು ವೈದ್ಯರ ಬಳಿಗೇ ಕಳಿಸುತ್ತಾರೆ. ಹಠ ಹಿಡಿದವರಿಗೆ ಗಂಜಿ ಬೇಯಿಸುವ ಕ್ರಮ ಹೇಳಿಕೊಡುತ್ತಾರೆ. ಕಳೆದ ಭಾನುವಾರ ನಾನಿದ್ದಾಗ ಗುತ್ತಿಗಾರಿನಿಂದ ಯಾರೋ ತಮ್ಮ ತಂದೆಗೆಂದು ಫೋನ್ ಮಾಡಿದ್ದರು. ದೊಡ್ಡಮ್ಮ ಅವರನ್ನು ಸುಳ್ಯದ ಆಸ್ಪತ್ರೆಗೆ ಹೋಗಲು ಒಪ್ಪಿಸಿದರು. ಫೋನ್ ಇಡುವ ಮೊದಲು ಹೇಳಿದರು: “ಹೇಗಾಯ್ತು ಅಂತ ನನಗೆ ಹೇಳಬೇಕು. ಒಳ್ಳೇದಾಗದಿದ್ರೂ ಹೇಳಿ. ಆಗ ಖಂಡಿತ ಹೇಳಿ.”

ಇವತ್ತು ಹಾಲು ಒಲೆಯ ಮೇಲಿಟ್ಟು ಕಂಪ್ಯೂಟರ್ ತೆರೆದೆ. ಎಲ್ಲೋ ದೂರದ ದೇಶದಲ್ಲಿ, ಪರೀಕ್ಷೆ ಮುಗಿಸಿ ಎಷ್ಟೋ ಕಾಲದಿಂದ ಸುಮ್ಮನಿರುವ ಒಬ್ಬ ಸಂಶೋಧಕರಿಗೆ ಬರೆಯಬೇಕಿತ್ತು. ನನ್ನ ಎಂದಿನ ಪತ್ರದಲ್ಲಿ ನಿಯಮದ ಉಲ್ಲೇಖ, ಕೊನೆಯ ದಿನಾಂಕ, ಇಂತಿ ಎಂಬುದಷ್ಟೇ ಇರುತ್ತದೆ. ಅದನ್ನು ಅಳಿಸಿದೆ. ಅವರು ಅಷ್ಟು ವರ್ಷ ಅಷ್ಟು ರೋಗಿಗಳನ್ನು ನೋಡಿಕೊಂಡದ್ದು ಸಣ್ಣ ಕೆಲಸವಲ್ಲ ಎಂದು ಬರೆದೆ, ಆರೋಗ್ಯ ವಿಚಾರಿಸಿದೆ. ಕೊನೆಯಲ್ಲಿ, ಫಲ ಒಳ್ಳೆಯದಾಗದಿದ್ದರೂ ತಿಳಿಸಿ, ನಮಗೆ ಅದೇ ಹೆಚ್ಚು ಬೇಕಾಗಿದೆ ಎಂದು ಸೇರಿಸಿ, ಎರಡನೆಯ ಸಲ ಓದದೆ ಕಳುಹಿಸಿದೆ.