ಕೆಸರಿನ ಕಡಲಲ್ಲಿ ವಿನ್ಸೆಂಟ್ ಹಾಕಿದ ಎರಡು ಚೆಂಡು

2006ರ ಮಾರ್ಚ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಕತಾರಿನ ಉತ್ತರಕ್ಕೆ, ಅಲ್ ಶಮಾಲ್ ಕಡೆಯ ಕಡಲ ಬದಿಯಲ್ಲಿ, ಗಟ್ಟಿ ಮರಳು ಮುಗಿದು ಕೆಸರು ಶುರುವಾಗುವ ಅಂಚಿನಲ್ಲಿ ನಾನು ನಿಂತಿದ್ದೆ. ನನ್ನಿಂದ ಇಪ್ಪತ್ತು ಹೆಜ್ಜೆ ಆಚೆ ಗೆಳೆಯ ಹಮೀದ್ ತೊಡೆಯವರೆಗೆ ಕೆಸರಿನಲ್ಲಿ ಹೂತು ಹೋಗಿದ್ದ. ಸುತ್ತ ನೀರು ಏರುತ್ತಿತ್ತು.

ನಾವು ನಾಲ್ವರೂ ಕರಾವಳಿಯ ಉಚ್ಚಿಲದವರು. ದೋಹಾದ ಅಲ್ ಮನ್ಸೂರಾದಲ್ಲಿ ಒಂದೇ ಫ್ಲಾಟಿನಲ್ಲಿ ಇದ್ದೆವು. ನಾನು ಆಫೀಸಿನಲ್ಲಿ ಕ್ಲಾರ್ಕ್, ಹಮೀದ್ ಅಂಗಡಿಯಲ್ಲಿ, ಲೋಕೇಶ ಪಿಕಪ್ ಡ್ರೈವರ್. ನಾಲ್ಕನೆಯವನು ಗೋದಾಮಿನ ಸ್ಟೋರ್ ಕೀಪರ್ ವಿನ್ಸೆಂಟ್.

ಊರಿನಲ್ಲಿ ಅವನು ಬೌಲರ್ ವಿನ್ಸೆಂಟ್. ನಮ್ಮ ಕಡೆಯ ಅಂಡರ್‌ಆರ್ಮ್ ಪಂದ್ಯಗಳಲ್ಲಿ ಟೆನಿಸ್ ಚೆಂಡನ್ನು ಕೈ ಮೇಲೆತ್ತದೆ, ಸೊಂಟದ ಮಟ್ಟದಿಂದಲೇ ಎಸೆಯಬೇಕು. ಅವನ ಚೆಂಡು ನೆಲ ಸವರಿಕೊಂಡು ಬರುತ್ತಿತ್ತು. ಬೆಸ್ಟ್ ಬೌಲರ್ ಎಂದು ಗೆದ್ದ ಗೋಡೆ ಗಡಿಯಾರಗಳನ್ನು ಶಾಲೆಗೆ, ಇಗರ್ಜಿಗೆ, ರಿಕ್ಷಾ ಸ್ಟ್ಯಾಂಡಿಗೆ ಕೊಟ್ಟಿದ್ದ. ಆರು ವರ್ಷ ಅವನಿಗೆ ವಿಕೆಟ್ ಕೀಪರ್ ಆಗಿದ್ದವನು ಹಮೀದ್. ಗಲ್ಫಿಗೆ ಬಂದ ಮೇಲೆ ಗೋದಾಮಿನಲ್ಲಿ ಭಾರದ ಪೆಟ್ಟಿಗೆಯೊಂದು ಮೇಲೆ ಬಿದ್ದು ವಿನ್ಸೆಂಟನ ಬಲಭುಜ ಹಾಳಾಯಿತು. ಆಟ ಬಿಟ್ಟ. ಆದರೂ ಶುಕ್ರವಾರದ ನಮ್ಮ ಮ್ಯಾಚಿಗೆ ಬಂದು ಎಲ್ಲರಿಗೂ ಬೈಯುತ್ತಿದ್ದ.

ಆ ದಿನ ಮ್ಯಾಚಿಗೆ ಮೊದಲು ಮರುವಾಯಿ ಚಿಪ್ಪು ಹೆಕ್ಕುವ ಆಸೆಯಿಂದ ಹೋಗಿದ್ದೆವು. ಊರು ಬಿಟ್ಟ ಮೇಲೆ ಆ ಚಿಪ್ಪಿನ ಸುಕ್ಕ ತಿಂದಿರಲಿಲ್ಲ. ನೀರು ಇಳಿದು ದೂರದವರೆಗೆ ಬಯಲಾಗಿತ್ತು. ಅಲೆಯೇ ಇರಲಿಲ್ಲ.

"ಇದೆಂತ ಕಡಲು ಮಾರಾಯ, ನಮ್ಮ ಹೊಳೆಯೇ ಇದಕ್ಕಿಂತ ಜೋರು" ಎಂದು ಹಮೀದ್ ನಗುತ್ತಾ ಮುಂದೆ ಹೋದ. ಕಡಲ ಬದಿಯವರಾದ ನಮಗೆ ಅಲೆಯ ಸದ್ದೇ ಎಚ್ಚರಿಕೆ. ಅಲ್ಲಿ ಸದ್ದೇ ಆಗಲಿಲ್ಲ. ಬದಿಯ ತೋಡಿನಿಂದ ನೀರು ಸುತ್ತಿ ಬಂದು ಅವನ ಹಿಂದೆ ತುಂಬಿತು. ಹಮೀದ್ ಗಾಬರಿಯಿಂದ ತಿರುಗಿದ. ಆ ಜಾಗದಲ್ಲೇ ಹೂತುಹೋದ.

ನಾನು ಅವನ ಕಡೆಗೆ ಎರಡು ಹೆಜ್ಜೆ ಇಟ್ಟೆ. ಮೊಣಕಾಲು ಮುಳುಗಿತು. ಹಿಂದಕ್ಕೆ ಬಂದೆ. ಇದನ್ನು ಮುಚ್ಚಿಡುವುದಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಲೋಕೇಶ ಪಿಕಪ್ಪಿನಿಂದ ಸಾಮಾನು ಕಟ್ಟುವ ಉದ್ದ ಹಗ್ಗ ತಂದ. ನೆನೆದು ಭಾರವಾದ ಅದು ಅರ್ಧ ದಾರಿಗೂ ಹೋಗಲಿಲ್ಲ. ಪಿಕಪ್ಪಿನಲ್ಲೇ ಇದ್ದ ಗಾಳದ ದಾರದ ಒಂದು ತುದಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯ ಸೀಸದ ಗುಂಡು ಎಸೆದ. ಅದು ಮೂರು ಮಾರು ಈಚೆ ಬಿದ್ದು ಕೆಸರಿಗೆ ಇಳಿಯಿತು. ಹಮೀದನ ಸೊಂಟದ ಮೇಲಕ್ಕೆ ನೀರು ಬಂದಿತ್ತು. ಅವನು ಕೊನೆಗಾಲಕ್ಕೆ ಹೇಳುವ ಕಲಿಮಾವನ್ನು ಜೋರಾಗಿ ಹೇಳತೊಡಗಿದ.

ವಿನ್ಸೆಂಟ್ ಕಿಟ್ ಬ್ಯಾಗಿನಿಂದ ಟೆನಿಸ್ ಚೆಂಡು ತೆಗೆದು ತನ್ನ ಕಾಲುಚೀಲದೊಳಗೆ ತುರುಕಿ, ದಾರವನ್ನು ಎಳೆದುಕೊಂಡು ಗುಂಡು ಬಿಚ್ಚಿ ಅದಕ್ಕೆ ಕಟ್ಟಿದ.

"ಹಮೀದ್, ಇಲ್ಲಿ ನೋಡು. ಕೈ ಕೆಳಗಿಡು. ಬಾಲ್ ಕೆಳಗೇ ಬರ್ತದೆ."

"ನಿನ್ನ ಭುಜ?" ಎಂದು ಲೋಕೇಶ ಕೇಳಿದ.

"ಸುಮ್ಮನಿರಾ."

ಮೊದಲ ಚೆಂಡು ಹಮೀದನ ಎಡಕ್ಕೆ, ಕೈಗೆ ಸಿಗದಷ್ಟು ದೂರ ಹೋಯಿತು. ಭುಜದ ನೋವಿಗೆ ವಿನ್ಸೆಂಟನ ಮುಖ ಬಿಳಿಚಿಕೊಂಡಿತ್ತು. ದಾರ ಎಳೆದುಕೊಂಡ. ನೀರು ಹಮೀದನ ಎದೆಗೆ ಬಂದಿತ್ತು.

"ಈ ಸಲ ಬಿಟ್ರೆ ಊರಿನವರಿಗೆಲ್ಲ ಹೇಳ್ತೇನೆ ನೋಡು" ಎಂದು ಕೂಗಿ ಮತ್ತೆ ಹಾಕಿದ.

ಚೆಂಡು ನೀರು ಸವರುತ್ತಾ ನೇರವಾಗಿ ಹೋಯಿತು. ಹಮೀದ್ ಎರಡೂ ಕೈಯಲ್ಲಿ ಹಿಡಿದ. ದಾರ ಎಳೆದು, ಹಗ್ಗವನ್ನು ಕಂಕುಳ ಕೆಳಗೆ ಕಟ್ಟಿಕೊಂಡ.

ಲೋಕೇಶ ಪಿಕಪ್ಪಿಗೆ ಕಟ್ಟಿ ಎಳೆಯೋಣ ಎಂದ. "ಬೇಡ, ಸೊಂಟ ಮುರೀತದೆ" ಎಂದ ವಿನ್ಸೆಂಟ್. ಮೂವರೂ ಸೇರಿ ಕೈಯಿಂದಲೇ ಎಳೆದೆವು. ಎಷ್ಟು ಹೊತ್ತು ಎಂದು ನನಗೆ ತಿಳಿಯದು. ಹಮೀದ್ ಹೊಟ್ಟೆಯ ಮೇಲೆ ತೆವಳಿಕೊಂಡು ಬಂದ, ಪ್ಯಾಂಟು ಕೆಸರಿನಲ್ಲೇ ಉಳಿಯಿತು. ಯಾರೂ ನಗಲಿಲ್ಲ. ಅವನು ವಿನ್ಸೆಂಟನ ಪಾದ ಹಿಡಿದುಕೊಂಡವನು ಬಿಡಲೇ ಇಲ್ಲ.

ಆ ಮೇಲೆ ವಿನ್ಸೆಂಟ್ ಬಲಗೈಯಲ್ಲಿ ಅನ್ನ ಕಲಸುವುದಕ್ಕೂ ಕಷ್ಟಪಡುತ್ತಿದ್ದ. ಅವನು ಮತ್ತೆ ಚೆಂಡು ಹಾಕಿದ್ದನ್ನು ನಾನು ನೋಡಲಿಲ್ಲ. ನನಗೆ ಇಂದಿಗೂ ಅಲೆಯಿಲ್ಲದ ನೀರು ಕಂಡರೆ ಹೆದರಿಕೆ.

ವಿನ್ಸೆಂಟ್ ಈಗ ಇಲ್ಲ. ಊರಿನಲ್ಲಿ ಕಾಯಿಲೆಯಿಂದ ತೀರಿಕೊಂಡ. ಅವನ ಕೊನೆಯ ಎರಡು ಚೆಂಡುಗಳನ್ನು ಕಂಡವರು, ನನ್ನನ್ನು ಬಿಟ್ಟರೆ ಇಬ್ಬರೇ. ಇಬ್ಬರೂ ಬದುಕಿದ್ದಾರೆ: ಇನ್ನೂ ದೋಹಾದಲ್ಲೇ ಗಾಡಿ ಓಡಿಸುವ ಲೋಕೇಶ, ಮತ್ತು ಉಚ್ಚಿಲದಲ್ಲಿರುವ ಹಮೀದ್.