ಡ್ರೆಸ್ಸರ್ ಕಾಕಾನ ಬಿಳಿ ಟವೆಲ್

ಅವರ ಹೆಗಲ ಮೇಲೆ ಯಾವಾಗಲೂ ಎರಡು ಟವೆಲ್ ಇರುತ್ತಿದ್ದವು. ಎಡಗಡೆಯದು ಬೆವರು ಒರೆಸಿ, ಧೂಳು ಕೊಡವಿ ಸಂಡೂರಿನ ಕೆಂಪು ಅದಿರಿನ ಬಣ್ಣಕ್ಕೇ ತಿರುಗಿತ್ತು. ಬಲಗಡೆಯದು ಬಿಳಿ. ದಿನಾ ಒಗೆದು, ಬಿಸಿಲಿಗೆ ಒಣಗಿಸಿ, ನಾಲ್ಕು ಮಡಿಕೆ ಮಾಡಿ ಹಾಕಿಕೊಳ್ಳುತ್ತಿದ್ದುದು. ಅದರಿಂದ ಅವರು ಒಮ್ಮೆಯೂ ಮುಖ ಒರೆಸಿಕೊಂಡದ್ದನ್ನು ನಾನು ಕಂಡಿಲ್ಲ. ಕೇಳಿದರೆ, "ಅದು ನಂದಲ್ರಿ ಟೀಚರ್ರ, ರಸ್ತ್ಯಾಗ ಬಿದ್ದವರದು" ಅನ್ನುತ್ತಿದ್ದರು.

ಗಣಿಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಆಗಿ ದುಡಿದವರು. ಗಣಿ ಮುಚ್ಚಿತು, ಕೆಲಸ ಹೋಯಿತು, ಹೆಸರು ಮಾತ್ರ ಉಳಿಯಿತು. ಊರಿಗೆಲ್ಲ ಡ್ರೆಸ್ಸರ್ ಕಾಕಾ. ಆಮೇಲೆ ಹೊಸಪೇಟೆ ರಸ್ತೆಯ ಘಾಟಿ ತಿರುವಿನ ಚಹಾದಂಗಡಿಯೇ ಅವರ ಡ್ಯೂಟಿ. ಕೂತು ಚಹಾ ಕುಡಿದವರಲ್ಲ. ಕಪ್ಪು ಹಿಡಿದು ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ. ಲಾರಿಯ ಬ್ರೇಕು ಕಿರುಚಿತೋ, ಕಪ್ಪು ಅಲ್ಲೇ, ಮನುಷ್ಯ ರಸ್ತೆಯಲ್ಲಿ. "ಕುಂದ್ರಿ ಕಾಕಾ, ನಿಮ್ಮನ್ನ ನೋಡಿ ನೋಡಿ ತಲಿ ತಿರುಗ್ತೈತಿ" ಎಂದು ಅಂಗಡಿಯವಳು ಗದರಿದರೆ, "ಕುಂತ್ರ ಕಾಲು ಜೋಮು ಹಿಡಿತಾವವ್ವ" ಎಂದು ಮತ್ತೆ ನಾಲ್ಕು ಹೆಜ್ಜೆ.

ಅವರ ಸಿಟ್ಟು ಅಪಘಾತ ಮಾಡಿದವರ ಮೇಲಲ್ಲ, ಸಹಾಯಕ್ಕೆ ಓಡಿ ಬಂದವರ ಮೇಲೆ. ನಮ್ಮ ಕಡೆಯ ಜನಕ್ಕೆ ಕರುಣೆ ಜಾಸ್ತಿ. ಯಾರಾದರೂ ಬಿದ್ದರೆ ಒಬ್ಬ ತಲೆ ಎತ್ತಿ ನೀರು ಕುಡಿಸುತ್ತಾನೆ, ಇಬ್ಬರು ಕೈಕಾಲು ಹಿಡಿದು ಆಟೋದೊಳಗೆ ತುರುಕುತ್ತಾರೆ, ಉಳಿದವರು ಡ್ರೈವರನನ್ನು ಹಿಡಿದು ಬಡಿಯುತ್ತಾರೆ. "ಬಿದ್ದಾಗ ಮುರೀಲಾರದ ಕುತ್ತಿಗಿ ಇವ್ರು ಎತ್ತಿದಾಗ ಮುರಿತೈತ್ರಿ" ಎಂದು ಕಾಕಾ ಹಲ್ಲು ಕಡಿಯುತ್ತಿದ್ದರು. ನಾನು ನಗುತ್ತಿದ್ದೆ.

ನನಗೂ ನಿಂತಲ್ಲಿ ನಿಲ್ಲುವ ಗುಣವಿಲ್ಲ. ಮನೆ ಹೊಸಪೇಟೆ, ಶಾಲೆ ಸಂಡೂರು, ನಡುವೆ ನನ್ನ ಸ್ಕೂಟರು. ಮಾರ್ಚ್ ತಿಂಗಳ ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೊರಟಿದ್ದೆ. ಸೆಖೆ ಎಂದು ಹೆಲ್ಮೆಟ್ಟನ್ನು ಸ್ಕೂಟರಿನ ಕೊಕ್ಕೆಗೆ ನೇತುಹಾಕಿದ್ದೆ. ಅದೇ ತಿರುವಿನಲ್ಲಿ ಮುಂದಿನ ಲಾರಿಯನ್ನು ದಾಟಲು ಹೋಗಿ, ಅದಿರಿನ ಪುಡಿಯ ಮೇಲೆ ಚಕ್ರ ಜಾರಿ, ಲಾರಿಯ ಪಕ್ಕಕ್ಕೆ ಹೋಗಿ ಬಡಿದೆ. ತಪ್ಪು ನನ್ನದೇ.

ಕಣ್ಣು ಬಿಟ್ಟಾಗ ಮೇಲೆಲ್ಲ ಮುಖಗಳು. ಒಬ್ಬನ ಕೈಯಲ್ಲಿ ನೀರಿನ ಬಾಟಲಿ. ಇನ್ನಾರೋ ನನ್ನ ಕಂಕುಳಿಗೆ ಕೈ ಹಾಕಿದ್ದರು. ಅಷ್ಟರಲ್ಲಿ ಆ ದನಿ ಕೇಳಿಸಿತು: "ಎತ್ತಬ್ಯಾಡ್ರಲೇ! ಮುಟ್ಟಿದ್ರ ಕೈ ಮುರಿತೀನಿ!"

ಕಾಕಾ ನನ್ನ ತಲೆಯ ಹಿಂದೆ ಮಂಡಿಯೂರಿ, ಎರಡೂ ಅಂಗೈಗಳ ನಡುವೆ ತಲೆಯನ್ನು ಹಿಡಿದರು. "ಕುತ್ತಿಗಿ ಅಳ್ಳಾಡಸಬ್ಯಾಡವ್ವ. ಕೇಳಿದ್ದಕ್ಕ ಬಾಯಿಲೆ ಹೇಳು, ತಲಿ ಆಡಸಬ್ಯಾಡ."

ನನ್ನ ಕಾಲು ಸೀಳಿ ರಕ್ತ ಹರಿಯುತ್ತಿತ್ತು. ಅತ್ತ ಜನ ಡ್ರೈವರನ ಕೊರಳಪಟ್ಟಿ ಹಿಡಿದಿದ್ದರು. ಕಾಕಾನ ಎರಡೂ ಕೈ ನನ್ನ ತಲೆಗೇ ಬೇಕಿತ್ತು. "ಆ ಡ್ರೈವರನ್ನ ಇಲ್ಲಿ ಕಳಸ್ರಿ! ಲೇ, ನನ್ನ ಹೆಗಲ ಮ್ಯಾಲಿನ ಬಿಳಿ ಟವೆಲ್ ತಗೋ. ಆಕಿ ಗಾಯದ ಮ್ಯಾಲಿಟ್ಟು ಎರಡೂ ಕೈಲೆ ಒತ್ತು. ತೆಗೆದು ತೆಗೆದು ನೋಡಬ್ಯಾಡ." ಅವನು ಟವೆಲ್ ಎಳೆದುಕೊಂಡು ಒತ್ತಿ ಹಿಡಿದ. ರಕ್ತ ನಿಲ್ಲಿಸುತ್ತಿರುವವನನ್ನು ಹೊಡೆಯುವುದು ಹೇಗೆ? ಜನ ಹಿಂದೆ ಸರಿದರು. ಕಾಕಾ ಅವತ್ತು ನನ್ನನ್ನಷ್ಟೇ ಅಲ್ಲ, ಅವನನ್ನೂ ಉಳಿಸಿದ್ದರು ಎಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಅಂಗಡಿಯವಳು ಫೋನು ಮಾಡಿದರೂ ಲಾರಿಗಳ ಸಾಲು ದಾಟಿ ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಹಿಡಿಯಿತು. ನಾಲಗೆ ಒಣಗಿ ನೀರು ನೀರು ಎಂದು ಬೇಡಿದೆ. "ಆಪರೇಷನ್ ಆಗೂದಿರತೈತಿ, ಈಗ ನೀರು ಬ್ಯಾಡ" ಎಂದರು. ನನಗೆ ರೇಗಿಹೋಯಿತು. "ನಿನ್ನ ಕೈಗೆ ಹುಳಾ ಬೀಳಲಿ!" ಎಂದು ಶಪಿಸಿದೆ, ಪಾಠ ಹೇಳುವ ಬಾಯಲ್ಲಿ.

"ಬೀಳ್ಲಿ ಬಿಡವ್ವ. ಬಿದ್ದ ಮ್ಯಾಲ ಕೈ ಬಿಡ್ತೀನಿ."

ಚಹಾ ಕುಡಿಯಲೂ ಕೂರದ ಆ ಮನುಷ್ಯ ಕಾದ ಡಾಂಬರಿನ ಮೇಲೆ ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಅವರ ಎರಡೂ ಮಂಡಿಯ ಚರ್ಮ ಬೊಬ್ಬೆ ಎದ್ದು ಸುಲಿದಿತ್ತೆಂದು ಅಂಗಡಿಯವಳು ಆಮೇಲೆ ಹೇಳಿದಳು. ನನ್ನ ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತ್ತು. ಚೂರು ಜರುಗಿದ್ದರೂ ಕೈಕಾಲು ಸ್ವಾಧೀನ ತಪ್ಪುತ್ತಿದ್ದವು ಎಂದರು ಡಾಕ್ಟರು. ಇವತ್ತು ಬೋರ್ಡಿನ ಮುಂದೆ ನಿಂತು ಬರೆಯುತ್ತೇನೆ.

ಕುತ್ತಿಗೆಯ ಪಟ್ಟಿ ಬಿಚ್ಚಿದ ಮೇಲೆ ಹೊಸ ಬಿಳಿ ಟವೆಲ್ ಹಿಡಿದು ಕ್ಷಮೆ ಕೇಳಲು ಹೋದೆ. ಅವರಿಗೆ ಅದೆಲ್ಲ ಬೇಡವಾಗಿತ್ತು. "ಹೆಲ್ಮೆಟ್ ಸ್ಕೂಟರಿಗೆ ಹಾಕಿದ್ರೆಲ್ಲ, ಅದರ ತಲಿ ಚಲೋ ಐತೇನ್ರಿ?" ಎಂದು ಕೇಳಿ ಅಂಗಡಿಯವರನ್ನೆಲ್ಲ ನಗಿಸಿದರು.

ಕಳೆದ ವರ್ಷ ಅವರಿಗೆ ಹೊಟ್ಟೆಯ ಆಪರೇಷನ್ ಆಯಿತು. ಹೊಸಪೇಟೆಯ ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿ ಕೂತಿದ್ದೆ. ತೊಟ್ಟು ನೀರೂ ಕೊಡಬಾರದೆಂದು ಡಾಕ್ಟರು ಹೇಳಿದ್ದರು.

"ಒಂದು ಗುಟುಕು ಕೊಡವ್ವ."

"ಬ್ಯಾಡಂದಾರ ಕಾಕಾ."

ನನ್ನನ್ನೇ ನೋಡಿದರು. ಒಣಗಿದ ತುಟಿಯಲ್ಲೇ ನಕ್ಕರು. "ಈಗ ತಿಳೀತು ನೋಡು. ಅವತ್ತು ನೀ ಬೈದಿದ್ದು ಕಮ್ಮೀನ ಆತು."

ಒದ್ದೆ ಬಟ್ಟೆ ತುಟಿಗೆ ಒತ್ತಿದೆ. ಹೊದಿಕೆಯ ಕೆಳಗೆ ಅವರ ಪಾದಗಳು ಇನ್ನೂ ಆ ಕಡೆ ಈ ಕಡೆ ಆಡುತ್ತಿದ್ದವು. ಮರುದಿನ ಬೆಳಗ್ಗೆ ನಿಂತವು.

ಹೇಗೂ ಹೋಗುವ ಜೀವ, ಆ ಒಂದು ಗುಟುಕು ಕೊಡಬಾರದಿತ್ತೇ ಎಂದು ಸಂಕಟಪಡುತ್ತೇನೆ. ಕೊಟ್ಟಿದ್ದರೆ ಅವರೇ ನನ್ನ ಕೈ ಮುರಿಯುತ್ತಿದ್ದರು ಎಂದೂ ಗೊತ್ತು. ಎರಡರಲ್ಲಿ ಯಾವುದೂ ಮನಸ್ಸಿಗೆ ಸಮಾಧಾನ ಕೊಡುವುದಿಲ್ಲ.

ಈಗ ಹೆಲ್ಮೆಟ್ ತಲೆಯ ಮೇಲಿರುತ್ತದೆ, ಒಗೆದ ಬಿಳಿ ಟವೆಲ್ ನನ್ನ ಬ್ಯಾಗಿನಲ್ಲಿ. ದಿನಾ ಶಾಲೆ ಬಿಟ್ಟ ಮೇಲೆ ಆ ತಿರುವಿನಲ್ಲಿ ಚಹಾ ಕುಡಿಯುತ್ತೇನೆ. ಎಲ್ಲೋ ಲಾರಿಯ ಬ್ರೇಕು ಕಿರುಚುತ್ತದೆ, ನಾನಾಗಲೇ ರಸ್ತೆಯ ಅಂಚಿನಲ್ಲಿರುತ್ತೇನೆ. "ಕುಂದ್ರಿ ಟೀಚರ್ರ" ಎನ್ನುತ್ತಾಳೆ ಅಂಗಡಿಯವಳು, "ನಿಮ್ಮನ್ನ ನೋಡಿ ನೋಡಿ ತಲಿ ತಿರುಗ್ತೈತಿ."